ಕೊರಳಿಗಿಳಿದ ಕನ್ನಡಕ

"ಕಣ್ಣು ಬಿಡು ಮಾರಾಯ, ನಾನು ಕಿತ್ತುಕೊಂಡು ಓಡುವುದಿಲ್ಲ" ಎನ್ನುತ್ತ ಡಾಕ್ಟರು ನೋಣಯ್ಯನ ಎಡಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿದರು. ಟಾರ್ಚಿನ ಗುಂಡಿ ಒತ್ತಿದ ಸದ್ದು ಅವನಿಗೆ ಕೇಳಿಸಿತು. ಬೆಳಕು ಕಾಣಿಸಲಿಲ್ಲ.

ಡಾಕ್ಟರು ಬಹಳ ಹೊತ್ತು ಬಗ್ಗಿ ನೋಡಿದರು. ಮತ್ತೆ ಟಾರ್ಚು ಆರಿಸಿ ನೆಟ್ಟಗೆ ನಿಂತವರ ಕಣ್ಣು ಅವನ ಎದೆಯ ಮೇಲೆ ನಿಂತಿತು. ಅಲ್ಲಿ ಕಪ್ಪು ನೂಲಿನಲ್ಲಿ ಒಂದು ಕನ್ನಡಕ ನೇತಾಡುತ್ತಿತ್ತು. ದಪ್ಪ ಗಾಜಿನದ್ದು, ಎರಡೂ ಬದಿಗೆ ತಂತಿಯ ಬಲೆ ಕಟ್ಟಿದ್ದು. ನಿನ್ನೆಯಿಂದ ಅದನ್ನು ಅವನ ಕೊರಳಿನಿಂದ ತೆಗೆಯಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಇದೆಂಥದು?"

"ಕನ್ನಡಕ."

"ಕನ್ನಡಕ ಅಂತ ನನಗೂ ಗೊತ್ತುಂಟು. ಕೊರಳಿಗೆ ಯಾಕೆ ಕಟ್ಟಿದ್ದು, ತಾಯಿತವಾ?"

ಮದ್ದು ಕಟ್ಟುತ್ತಿದ್ದ ಕಂಪೌಂಡರ್ ಕಿಸಕ್ಕನೆ ನಕ್ಕ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ರಮಾನಾಥ ಧಣಿಗಳೂ ನಕ್ಕರು. ಒಕ್ಕಲಿನವನನ್ನು ತಮ್ಮದೇ ಕಾರಿನಲ್ಲಿ ಬಂಟ್ವಾಳದವರೆಗೆ ಕರೆತಂದವರು ಅವರು. "ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಡಾಕ್ಟ್ರೇ. ವಸ್ತು ಉಂಟು, ಹಾಕುವ ಬುದ್ಧಿ ಇಲ್ಲ."

"ಹಾಕಲಿಕ್ಕೆ ಏನಾಗಿತ್ತು ನಿನಗೆ?" ಡಾಕ್ಟರು ಗದರಿದರು.

ನೋಣಯ್ಯ ಧಣಿಗಳ ಕಡೆ ತಿರುಗಲಿಲ್ಲ. "ಮರೆತುಹೋಯ್ತು" ಎಂದ.

ಮರೆತಿರಲಿಲ್ಲ.

ಬಿಸಿಲು ಏರುವ ಕುಂಭ ತಿಂಗಳು. ಕೊಳಕೆ, ಅಂದರೆ ಬೇಸಿಗೆಯ ಬೆಳೆಯ, ಗದ್ದೆಯ ಮಣ್ಣು ಬಿರಿಯಲು ಸುರುವಾಗಿತ್ತು. ಹೊಳೆಯಿಂದ ನೀರೆತ್ತುವ ಧಣಿಗಳ ಎಂಜಿನು ಅಂಥ ಹೊತ್ತಿನಲ್ಲೇ ಕೆಟ್ಟು ಕೂತಿತು. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿ ತಂದು ಧಣಿಗಳ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಇಳಿಸಿದರು. ಪೇಟೆಯಲ್ಲಿ ಬಾವಾನ ಎಂಜಿನು ರಿಪೇರಿಯ ಶೆಡ್ಡು ಇತ್ತು. ಅಲ್ಲಿಗೆ ಒಯ್ಯುವುದು ಬೇಡ, ಮನೆಯಲ್ಲೇ ಬಿಚ್ಚುವ, ನಮ್ಮ ನೋಣಯ್ಯನಿಗೆ ಬರ್ತದಲ್ಲ, ಎಂದರು ಧಣಿಗಳು. ಎರಡು ಮಳೆಗಾಲ ಬಾವಾನ ಶೆಡ್ಡಿನಲ್ಲಿ ದುಡಿದಿದ್ದ ನೋಣಯ್ಯನಿಗೆ ಒಂದಿಷ್ಟು ಬರುತ್ತಿದ್ದದ್ದು ಹೌದು. ಕನ್ನಡಕ ಕೊಟ್ಟದ್ದೂ ಬಾವಾನೇ, ಅದಕ್ಕೆ ಒಂದು ವಾರ ಮೊದಲು. "ಕಬ್ಬಿಣಕ್ಕೆ ಕಬ್ಬಿಣ ಬಡಿಯುವಾಗ ಇದು ಮೂಗಿನ ಮೇಲೇ ಇರಬೇಕು. ನಿನ್ನ ಹೆಂಡತಿ ಬಂದು ನಿಂತರೂ ತೆಗೀಬೇಡ. ಗುರುತು ಸಿಕ್ಕದೆ ವಾಪಸು ಹೋದರೆ ಹೋಗ್ಲಿ" ಎಂದು ನಗುತ್ತ ತಾನೇ ಅವನ ಕೊರಳಿಗೆ ನೂಲು ಕಟ್ಟಿದ್ದ.

ಆ ದಿನ ಬೆಳಿಗ್ಗೆಯಿಂದ ಅದು ಮೂಗಿನ ಮೇಲೇ ಇತ್ತು. ದೊಡ್ಡ ಚಕ್ರವನ್ನು ಎಂಜಿನಿನ ದಂಡಕ್ಕೆ ಬಿಗಿದಿದ್ದ ಕಬ್ಬಿಣದ ಬೆಣೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಉಳಿಯೋ ಹಳತು, ಪೆಟ್ಟು ತಿಂದು ತಿಂದು ಅದರ ತಲೆ ಅಣಬೆಯ ಹಾಗೆ ಹರಡಿತ್ತು. ಒಂದೆರಡು ಚೂರು ಸಿಡಿದು ಗಾಜಿಗೆ ಟಣ್ಣೆಂದು ತಾಗಿದಾಗ ನೋಣಯ್ಯ ಬಾವಾನನ್ನು ನೆನೆದು ನಕ್ಕದ್ದೂ ಉಂಟು.

ಆಗ ಹಿಂದಿನಿಂದ ಧಣಿಗಳ ಕೆಮ್ಮು ಕೇಳಿಸಿತು.

ಸುತ್ತಿಗೆ ಕೆಳಗಿಟ್ಟ. ಎತ್ತಿ ಕಟ್ಟಿದ್ದ ಪಂಚೆಯನ್ನು ಬಿಟ್ಟ. ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತೆಗೆದು ಕಂಕುಳಲ್ಲಿಟ್ಟ. ಅದರ ಬೆನ್ನಿಗೇ ಕೈ ಮತ್ತೆ ಮುಖಕ್ಕೆ ಹೋಗಿ ಕನ್ನಡಕವನ್ನು ಕೊರಳಿಗೆ ಇಳಿಸಿತು. ಆ ಊರಲ್ಲಿ ಕಣ್ಣಿಗೆ ಗಾಜು ಹಾಕುತ್ತಿದ್ದವರು ಯಾರು? ಬಸ್ಸಿನ ಮಾಲಕರು, ಬೊಂಬಾಯಿಯಿಂದ ಬರುವ ಧಣಿಗಳ ಭಾವ, ಟಾಕೀಸಿನ ಗೋಡೆಯ ಮೇಲಿನ ನಟರು. ಒಕ್ಕಲಿನವನು ಮುಖಕ್ಕೆ ಅಡ್ಡ ಗಾಜಿಟ್ಟುಕೊಂಡು ಧಣಿಗಳೆದುರು ನಿಲ್ಲುವುದುಂಟೆ?

"ಹೂಂ, ಹೊಡಿ. ಯಾಕೆ ನಿಲ್ಲಿಸಿದ್ದು?" ಎಂದರು ಧಣಿಗಳು. ಹೋಗಲಿಲ್ಲ, ನೋಡುತ್ತ ನಿಂತರು. ಅವರು ನಿಂತಷ್ಟು ಹೊತ್ತು ಕನ್ನಡಕ ಕೊರಳಲ್ಲೇ ಇರಬೇಕು. ನೋಣಯ್ಯ ಹೊಡೆದ. ಮೂರನೆಯ ಪೆಟ್ಟಿಗೆ ಬೆಣೆ ಕಳಚಿತು. ಕಣ್ಣಿಗೆ ಏನೋ ತಾಗಿತು. ಇರುವೆ ಕಚ್ಚಿದಷ್ಟು, ಅಷ್ಟೇ. "ಶಾಭಾಸ್" ಎಂದರು ಧಣಿಗಳು, ಬೆಣೆಯನ್ನು ನೋಡಿ.

ಸಂಜೆ ಕಣ್ಣು ಕೆಂಪಾಯಿತು. ನೆರೆಮನೆಯ ಬಾಣಂತಿ ಪೂವಮ್ಮ ಎಲೆಯ ದೊನ್ನೆಯಲ್ಲಿ ಎದೆಹಾಲು ಹಿಂಡಿ ಕಳಿಸಿದಳು. ಸೇಸಮ್ಮ ಗಂಡನ ಕಣ್ಣಿಗೆ ಹನಿ ಬಿಟ್ಟು, ಬೆಳಿಗ್ಗೆಗೆ ಇಳಿಯುತ್ತದೆ ಅಂದಳು. ಬೆಳಿಗ್ಗೆ ರೆಪ್ಪೆ ಬಿಡಲಾಗಲಿಲ್ಲ.

ಬಂಟ್ವಾಳದ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ದೊಡ್ಡ ಅಯಸ್ಕಾಂತ ಹಿಡಿದು ಚೂರನ್ನು ಹೊರಗೆಳೆದರು. ಸಾಸಿವೆಯಷ್ಟೂ ಇಲ್ಲದ ಕಪ್ಪು ಕಣ. ಎಡಗಣ್ಣು ಇನ್ನು ಕಾಣುವುದಿಲ್ಲ, ಬಲಗಣ್ಣನ್ನು ಜೋಪಾನ ಮಾಡು, ಎಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಬಾವಾ ಬಂದು ಎಂಜಿನು ಜೋಡಿಸಿ ಹೋಗಿದ್ದ. ನೋಣಯ್ಯ ಬಸ್ಸಿಳಿದು ನಡೆದು ಬರುವಾಗ ಅದು ಹೊಳೆಬದಿಯಲ್ಲಿ ಡುಗುಡುಗು ಎನ್ನುತ್ತಿತ್ತು. ಧಣಿಗಳ ಕೊಳಕೆ ಹಸಿರಾಗಿತ್ತು.

ಊರಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಹೋಟೆಲಿನ ಅಣ್ಣು ಚಾ ಮುಂದಿಡುತ್ತ ಕೇಳಿದ: "ಅಲ್ಲ ನೋಣಯ್ಯಣ್ಣ, ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಮಳೆಗೆ ನೆನೆಯುವ ಜಾತಿಯಾ ನೀನು?" ಬೆಂಚಿನಲ್ಲಿದ್ದವರು ನಕ್ಕರು. ನೋಣಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ಜೋರಾಗಿ ನಕ್ಕರೆ ಅವರು ಬೇಗ ಬಿಡುತ್ತಾರೆ ಎಂದು ಅವನಿಗೆ ಎರಡೇ ದಿನದಲ್ಲಿ ತಿಳಿದಿತ್ತು.

ಧಣಿಗಳೂ ಹೇಳುತ್ತಿದ್ದರು. ಮದುವೆ ಚಪ್ಪರದಲ್ಲಿ, ಪಂಚಾಯತಿನ ಜಗಲಿಯಲ್ಲಿ, ಬಂದವರಿಗೆಲ್ಲ. ಕನ್ನಡಕ ಕೊರಳಲ್ಲೇ ಇತ್ತು ಮಾರಾಯ್ರೆ, ನಾನೇ ಕಾರಿನಲ್ಲಿ ಹಾಕಿಕೊಂಡು ಹೋದೆ. ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ. ತಾವು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದದ್ದನ್ನು ಮಾತ್ರ ಬಿಡುತ್ತಿದ್ದರು. ಬೇಕೆಂದೇ ಬಿಡುತ್ತಿದ್ದರೆಂದೂ ಹೇಳುವಂತಿಲ್ಲ. ಬಗ್ಗಿದ ತಲೆಗಳ ನಡುವೆ ಹುಟ್ಟಿ ಬೆಳೆದವರಿಗೆ ಇನ್ನೊಂದು ತಲೆ ಬಗ್ಗಿದ್ದು ಕಣ್ಣಿಗೆ ಬೀಳುವುದಾದರೂ ಹೇಗೆ?

ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಮಧ್ಯಾಹ್ನ. ಮಳೆ ಬಿಟ್ಟಿತ್ತು. ಸೇಸಮ್ಮ ಗೂಟಕ್ಕೆ ತೂಗುಹಾಕಿದ್ದ ಕನ್ನಡಕವನ್ನು ತೆಗೆದು ಸೀಗೆ ನೀರಿನಲ್ಲಿ ತೊಳೆದಳು. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತಳು.

"ಇದಕ್ಕೆ ಚೂರು ಬಡಿದ ಗುರುತುಂಟಲ್ಲ."

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ನೋಣಯ್ಯ ಹೂಂ ಎಂದ.

"ಬಾವಾ ಕೊಟ್ಟಾಗ ಹೊಸತಿತ್ತು. ಆಮೇಲೆ ನೀವು ಕಬ್ಬಿಣದ ಕೆಲಸ ಮಾಡಿದ್ದು ಅದೊಂದೇ ದಿನ."

ಅವನು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದ.

"ಹಾಗಾದರೆ ಆ ದಿನ ಹಾಕಿದ್ದಿರಿ. ಮರೆತದ್ದಲ್ಲ." ಅವಳು ಬಂದು ಎದುರು ಕೂತಳು. ಸ್ವರ ತಗ್ಗಿತು. "ಧಣಿಗಳು ತೆಗಿ ಅಂದರಾ?"

"ಇಲ್ಲ."

"ಮತ್ತೆ? ಗಾಳಿಗೆ ಬಿತ್ತಾ?"

"ಅವರು ಬಂದರು" ಎಂದ ನೋಣಯ್ಯ. ಹಗ್ಗದ ಎಳೆ ಅವನ ಅಂಗೈಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. "ಕೈ ಹೋಯ್ತು."

"ಕೈ ಹೋಯ್ತು ಅಂದರೆ?"

"ಹೋಯ್ತು. ನಾನು ಕಳಿಸಿದ್ದಲ್ಲ."

ಸೇಸಮ್ಮನ ಮುಖ ಕೆಂಪೇರಿತು. "ತೆಗಿ ಅಂದಿದ್ದರೆ ನಾನು ಶಾಪ ಹಾಕುತ್ತಿದ್ದೆ. ಈಗ ಯಾರಿಗೆ ಹಾಕುವುದು ಹೇಳಿ? ನಿಮ್ಮ ಕೈಗಾ?"

ಕೇಳಿಸಿಕೊಳ್ಳಲು ಆಚೀಚೆ ಯಾರೂ ಇರಲಿಲ್ಲ. ಆದರೂ ಧಣಿಗಳು ಎನ್ನುವಾಗ ಅವಳ ಸ್ವರ ತಗ್ಗಿತ್ತು. ಅದು ಇಬ್ಬರಿಗೂ ತಿಳಿಯಿತು. ಅವಳು ಎದ್ದು, ಕನ್ನಡಕವನ್ನು ಗೂಟಕ್ಕೆ ಹಾಕಿ, ಕೆಲಸವಿಲ್ಲದಿದ್ದರೂ ಬಾವಿಕಟ್ಟೆಗೆ ಹೋದಳು.

ಆಮೇಲೆ ನೋಣಯ್ಯ ಬಹಳ ಸಲ ಆ ಬೆಳಗಿಗೆ ಹಿಂದೆ ಹೋದ. ಧಣಿಗಳು ಹುಬ್ಬು ಗಂಟಿಕ್ಕಿದ್ದರೇ? ಎಂಥದೋ ಇದು ವೇಷ ಎಂದಿದ್ದರೇ? ಏನಾದರೊಂದು ಸಿಕ್ಕರೆ ಸಾಕಿತ್ತು. ಒಂದು ಮಾತು ಸಿಕ್ಕಿದರೆ ಕಣ್ಣು ಅವರು ಕಿತ್ತದ್ದಾಗುತ್ತಿತ್ತು. ಏನೂ ಸಿಗಲಿಲ್ಲ. ಕೆಲವೊಮ್ಮೆ ಗದ್ದೆಯ ಬದುವಿನಲ್ಲಿ ನಿಂತು, ಧಣಿಗಳ ಸ್ವರದಲ್ಲಿ ತಾನೇ ಮೆಲ್ಲಗೆ "ತೆಗಿ" ಎಂದು ಹೇಳಿ ನೋಡುತ್ತಿದ್ದ. ಕೂಡಲೇ ನಾಚಿಕೆಯಾಗಿ ಸುತ್ತ ನೋಡುತ್ತಿದ್ದ. ಕಣ್ಣು ಹೋದ ಕಡೆ ಯಾರಾದರೂ ನಿಂತಿದ್ದರೆ ತಿಳಿಯುವುದಿಲ್ಲವೆಂದು ಪೂರ್ತಿ ತಿರುಗಿ ನೋಡಬೇಕಾಗುತ್ತಿತ್ತು.

ಮಳೆಗಾಲದ ಬೆಳೆ ಏಣೆಲಿನ ಕೊಯ್ಲು ಮುಗಿದ ಮೇಲೆ ಧಣಿಗಳಿಂದ ಹೇಳಿಕೆ ಬಂತು. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿದ್ದ ಎಂಜಿನಿಗೆ ತುಕ್ಕು ಹಿಡಿದಿದೆ, ಬಂದು ಬಿಚ್ಚಬೇಕಂತೆ. "ಇನ್ನೊಂದು ಕಣ್ಣು ಉಂಟಲ್ಲ ಅಂತ ಹೇಳಿದರು ಧಣಿಗಳು" ಎಂದು ಹೇಳಿಕೆ ತಂದ ಆಳು ಕೂಸಪ್ಪ ನಗೆಯನ್ನೂ ಸೇರಿಸಿಯೇ ಒಪ್ಪಿಸಿದ.

ಸೇಸಮ್ಮ ತಡೆಯಲಿಲ್ಲ. ಅವರು ಉಣ್ಣುತ್ತಿದ್ದದ್ದು ಚಾಲಗೇಣಿಯ ಗದ್ದೆ. ಚಾಲಗೇಣಿ ಎಂದರೆ ಧಣಿಯ ನಾಲಗೆಯ ಮೇಲಿರುವ ಗದ್ದೆ, ನಾಲಗೆ ಹೊರಳಿದರೆ ಮರುದಿನ ಬೇರೆಯವನ ನೇಗಿಲು. ಅವಳು ಗೂಟದಿಂದ ಕನ್ನಡಕ ತೆಗೆದು ಗಂಡನ ಕೈಗೆ ಕೊಟ್ಟಳು.

ಕೊಟ್ಟಿಗೆಯಲ್ಲಿ ಅದೇ ಚಕ್ರ, ಅದೇ ಬೆಣೆ. ನೋಣಯ್ಯ ಕನ್ನಡಕ ಏರಿಸಿ ಕೂತ. ಒಂದೇ ಕಣ್ಣಿಗೆ ಉಳಿಯ ತಲೆ ಎಷ್ಟು ದೂರದಲ್ಲಿದೆಯೆಂದು ಸರಿಯಾಗಿ ತಿಳಿಯುವುದಿಲ್ಲ. ಸುತ್ತಿಗೆಯನ್ನು ಮೆಲ್ಲಗೆ ಇಳಿಸಿ ತಾಗಿಸಿ ಗುರುತು ಮಾಡಿಕೊಂಡು ಆಮೇಲೆ ಹೊಡೆಯಬೇಕಿತ್ತು.

ಕೆಮ್ಮು ಕೇಳಿಸಿತು. ಜೊತೆಗೆ ಬೂಟಿನ ಸದ್ದು. ಧಣಿಗಳ ಬೆನ್ನಿಗೆ ಬ್ಲಾಕಿನ ಕೃಷಿ ಅಧಿಕಾರಿ ನಿಂತಿದ್ದರು. ಬೆಳ್ತಂಗಡಿ ಕಡೆಯಿಂದ ವರ್ಗವಾಗಿ ಬಂದ ಹೊಸಬರು. ನೋಣಯ್ಯ ಎದ್ದ. ಪಂಚೆ ಇಳಿಯಿತು. ಮುಟ್ಟಾಳೆ ಕಂಕುಳಿಗೆ ಬಂತು. ಕೈ ಮತ್ತೆ ಮೇಲೇಳುತ್ತಿರುವುದು ಈ ಸಲ ಅವನಿಗೆ ಕಂಡಿತು. ಎದೆಯವರೆಗೆ ಬಂದದ್ದನ್ನು ಸುತ್ತಿಗೆಯ ಹಿಡಿಯ ಕಡೆಗೆ ಒಯ್ದು, ಬಿಗಿಯಾಗಿ ಹಿಡಿದುಕೊಂಡ.

"ನಾನು ಹೇಳಿದೆನಲ್ಲ ಸಾರ್, ಇವನೇ" ಎಂದರು ಧಣಿಗಳು ನಗುತ್ತ. "ಕನ್ನಡಕ ಕೊರಳಿಗೆ, ಚೂರು ಕಣ್ಣಿಗೆ. ಈಗ ನೋಡಿ, ಕಣ್ಣು ಹೋದ ಮೇಲೆ ಹಾಕಿಕೊಂಡಿದ್ದಾನೆ! ಏ ನೋಣಯ್ಯ, ಸಾಹೇಬರಿಗೆ ಆ ಕಣ್ಣು ತೋರಿಸು."

"ಇರಲಿ, ಇರಲಿ, ಬೇಡ" ಎಂದರು ಅಧಿಕಾರಿ, ಮುಜುಗರದಿಂದ.

"ತೋರಿಸ್ತಾನೆ ಸಾರ್, ಅವನಿಗೇನು. ಕನ್ನಡಕ ತೆಗಿ."

ನೋಣಯ್ಯ ಕಿವಿಯನ್ನು ನಂಬಲಿಲ್ಲ. ತಿಂಗಳುಗಟ್ಟಲೆ ಬದುವಿನಲ್ಲಿ ನಿಂತು ಅವನು ಹುಡುಕಿದ್ದ ಮಾತು, ತಾನೇ ಕಟ್ಟಿಕೊಂಡಾದರೂ ಕೇಳಬೇಕೆಂದುಕೊಂಡಿದ್ದ ಮಾತು, ಅದೇ ಸ್ವರದಲ್ಲಿ, ಇನ್ನೊಬ್ಬರು ಕೇಳುವ ಹಾಗೆ. ಈಗ ತೆಗೆದರೆ ತೆಗೆದದ್ದು ಧಣಿ. ಕೈ ತಾನಾಗಿ ಹೋಯಿತೆಂಬ ಅವಮಾನವಿಲ್ಲ. ಮನೆಗೆ ಹೋಗಿ ಸೇಸಮ್ಮನಿಗೆ, ಹೇಳಿದರು ಮಾರಾಯ್ತಿ, ಅದಕ್ಕೆ ತೆಗೆದೆ, ಎನ್ನಬಹುದು. ಗದ್ದೆಯೂ ಉಳಿಯುತ್ತದೆ.

"ತೆಗಿ ಅಂದೆ, ಕೇಳಲಿಲ್ಲವಾ?"

"ಕೇಳಿತು ಧಣಿಗಳೇ." ಅವನು ಸುತ್ತಿಗೆಯ ಹಿಡಿಯನ್ನು ಬಿಡಲಿಲ್ಲ. "ಆ ದಿನ ನೀವು ಹೇಳಿರಲಿಲ್ಲ. ಇಲ್ಲಿಯೇ ನಿಂತಿದ್ದಿರಿ. ನಾನೇ ತೆಗೆದೆ, ನೀವು ಬಂದಿರಿ ಅಂತ. ಮರೆತದ್ದಲ್ಲ."

ಅಧಿಕಾರಿ ಧಣಿಗಳ ಮುಖ ನೋಡಿದರು. ಧಣಿಗಳ ನಗು ತುಟಿಯಲ್ಲಿ ಇನ್ನೂ ಇತ್ತು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. "ಏನು ಮಾತು ಇದು..." ಎಂದು ಸುರು ಮಾಡಿ ಅಲ್ಲಿಗೇ ಬಿಟ್ಟರು.

ನೋಣಯ್ಯ ಕೂತ. ಉಳಿಯನ್ನು ಬೆಣೆಗೆ ಇಟ್ಟ. ಗದ್ದೆ ಹೋಯಿತು ಎಂದುಕೊಂಡ. ಮುಖವೆಲ್ಲ ಬಿಸಿಯಾಯಿತು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಇನ್ನೊಬ್ಬರೆದುರು ತನ್ನ ಕೈಯ ಕತೆಯನ್ನು ತಾನೇ ಬಿಚ್ಚಿ ಹಾಕಿದ ನಾಚಿಕೆ ಕುತ್ತಿಗೆಯವರೆಗೆ ಏರಿತ್ತು. ಹಣೆಯಿಂದ ಬೆವರು ಇಳಿದು ಗಾಜಿನ ಒಳಗೆ ಆವಿ ಕಟ್ಟಿತು. ಉಳಿ ಮಸುಕಾಯಿತು, ಬೆಣೆ ಮಸುಕಾಯಿತು, ಬಾಗಿಲಲ್ಲಿ ನಿಂತ ಇಬ್ಬರೂ ಎರಡು ಬಿಳಿ ಕಲೆಗಳಾದರು.

ಒರೆಸಬೇಕೆಂದರೆ ತೆಗೆಯಬೇಕು.

ಅವನು ಸುತ್ತಿಗೆಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಗಾಜು ತಾನಾಗಿ ತಿಳಿಯಾಗುವವರೆಗೆ ಕಾಯುತ್ತ ಕೂತ. ಬಾಗಿಲಲ್ಲಿನ ಎರಡು ಬಿಳಿ ಕಲೆಗಳೂ ಅಲ್ಲೇ ಇದ್ದವು.