ಬಾಗಿಲಲ್ಲಿ ಮೂರು ಕೂಗು

ಮೆಲ್ಲಗೆ ಕೂಗಿದರೂ ಕೂಗಿದಂತೆಯೇ ಅಲ್ಲವೇ? ಕಕ್ಷಿಯ ಹೆಸರನ್ನು ಮೂರು ಸಲ ಕೂಗಬೇಕು ಎಂದಿದೆ. ಎಷ್ಟು ಜೋರಾಗಿ ಎಂದು ಯಾರೂ ಬರೆದಿಟ್ಟಿಲ್ಲ. ಮಧುಗಿರಿ ಮುನ್ಸೀಫ್ ಕೋರ್ಟಿನ ಬಾಗಿಲಲ್ಲಿ ನಿಂತ ಜವಾನ ಸಿದ್ದಗಂಗಯ್ಯನ ಕೈಯಲ್ಲಿ ಚೀಟಿ ಬೆವರಿಗೆ ಮೆತ್ತಗಾಗಿತ್ತು. ವಾದಿ ಜಯರಾಮಯ್ಯ, ಹೋಬಳಿಯ ಕಂದಾಯ ನೋಡಿಕೊಳ್ಳುತ್ತಿದ್ದ ನಿವೃತ್ತ ಶೇಕ್‌ದಾರ್.

ಜಯರಾಮಯ್ಯ ಹುಣಸೆ ಮರದ ಕೆಳಗೆ ಕೊಡೆಯ ಹಿಡಿಗೆ ಗಲ್ಲವೂರಿ ಕುಳಿತಿದ್ದ. ಇರುವ ಒಂದು ಮನೆಯಿಂದ ಅಣ್ಣನ ಮಕ್ಕಳು ಅವನನ್ನು ಹೊರಹಾಕಿದ್ದರು, ದಾವೆ ಅದಕ್ಕೇ. ಅವನ ವಕೀಲರು ಅಂದು ತುಮಕೂರಿಗೆ ಹೋಗಿದ್ದರು.

ಹದಿನಾಲ್ಕು ವರ್ಷದ ಹಿಂದೆ ಈ ಮುಖ ಕೊಳಾಲದ ಚಾವಡಿಯಲ್ಲಿ ನಕ್ಕಿತ್ತು. ಶೇಕ್‌ದಾರರ ಕ್ಯಾಂಪಿನ ಗಾಡಿಗೆ ಎತ್ತು ಕೇಳಿದಾಗ ಸಿದ್ದಗಂಗಯ್ಯನ ಅಪ್ಪ ಪರ್ವತಯ್ಯ, ಎತ್ತಿನ ಕಾಲು ಉಳುಕಿದೆ ಎಂದಿದ್ದ. "ಹಾಗಾದರೆ ನಿನ್ನ ಕುತ್ತಿಗೇನೇ ಕೊಡು" ಎಂದು ಅಪ್ಪನ ಹೆಗಲಿಗೆ ನೊಗವಿಡಿಸಿ, ಇಳಿಹೊತ್ತಿನವರೆಗೆ ಊರೆದುರು ಬಿಸಿಲಲ್ಲಿ ನಿಲ್ಲಿಸಿದ. ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಕೊಟ್ಟರೆ ತನಿಖೆಗೆ ಬಂದವನೂ ಅದೇ ಶೇಕ್‌ದಾರ. ಅಪ್ಪ ಆಮೇಲೆ ಹೊಸಿಲು ದಾಟಲಿಲ್ಲ. ಎರಡು ವರ್ಷ ಗೋಡೆ ನೋಡುತ್ತ ಕುಳಿತು ಸತ್ತ.

ಕೆಲಸಕ್ಕೆ ಸೇರಿದ ದಿನ ಮುನ್ಸೀಫರು ಹೇಳಿದ್ದರು: "ಸರ್ಕಾರವೇ ಪ್ರತಿವಾದಿಯಾದರೂ ಕೂಲಿಯವನನ್ನು ಕೂಗಿದ ಹಾಗೇ ಕೂಗಬೇಕಯ್ಯ. ಕೋರ್ಟು ಇರೋದೇ ಅದಕ್ಕೆ." ಸಿದ್ದಗಂಗಯ್ಯ ಆ ಮಾತನ್ನು ನಂಬಿದ್ದ. ಇವತ್ತೂ ನಂಬುತ್ತಿದ್ದ. ಕಷ್ಟವಾಗಿದ್ದು ಅದೇ.

ಮರದ ಕಡೆಗೆ ಬೆನ್ನು ಹಾಕಿ, ಬಾಗಿಲ ಕಂಬಕ್ಕೆ ಹೇಳುವಂತೆ ವಾದಿಯ ಹೆಸರನ್ನು ಮೂರು ಸಲ ಹೇಳಿದ.

ಜಗುಲಿಯಲ್ಲಿ ಎಲೆ ಮಡಿಸುತ್ತಿದ್ದ ಪುರವರದ ಕೆಂಚಮ್ಮ, ಬದುವಿನ ದಾವೆಗೆ ಮೂರು ವರ್ಷದಿಂದ ಅಲೆಯುತ್ತಿದ್ದವಳು, ತಲೆಯೆತ್ತಿದಳು.

"ಏನ್ಲಾ, ಗಂಟ್ಲಾಗೆ ಮುದ್ದೆ ಸಿಕ್ಕಂಡೈತಾ? ನನ್ನೆಸ್ರನ್ನೂ ಇಂಗೇ ಕೂಗ್ಬುಟ್ಟೀಯ ಮತ್ತೆ."

"ನೆಗಡಿ ಕಣಮ್ಮ."

"ಬೆಳಗ್ಗೆ ಇರ್ನಿಲ್ವಲ್ಲ."

ಅವನು ಒಳಗೆ ಹೋದ. ಮುನ್ಸೀಫರು ಕನ್ನಡಕದ ಮೇಲಿಂದ ನೋಡಿದರು. "ಮೂರು ಸಲ ಕೂಗಿದೆಯಾ?"

"ಕೂಗಿದೆ ಸ್ವಾಮಿ."

ವಾದಿ ಗೈರುಹಾಜರು, ದಾವೆ ವಜಾ. ಇಷ್ಟನ್ನು ಬರೆಯಲು ಲೇಖನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮಧ್ಯಾಹ್ನ ಮುದುಕ ಮೆಟ್ಟಿಲೇರಿ ಬಂದ. "ನನ್ನ ಹೆಸರು ಯಾವಾಗ ಬರುತ್ತಪ್ಪ?"

"ಬಂದೋಯ್ತು. ವಜಾ ಆಯ್ತು."

ಎರಡು ಸಲ ಹೇಳಬೇಕಾಯಿತು. ಜಯರಾಮಯ್ಯ ಕಿರುಬೆರಳಿಂದ ಕಿವಿ ತಿಕ್ಕಿಕೊಂಡ. "ನೀನು ಕೂಗಿರ್ತೀಯ. ಈ ಹಾಳು ಕಿವೀದೇ ತಪ್ಪು. ಕೋರ್ಟಿನವನು ನೀನ್ಯಾಕೆ ಸುಳ್ಳು ಹೇಳ್ತೀಯ?" ಆಮೇಲೆ ಮುಖ ದಿಟ್ಟಿಸಿದ. "ನಿನ್ನನ್ನ ಎಲ್ಲೋ ನೋಡಿದೀನಿ. ಯಾವೂರು?"

ಈ ಪ್ರಶ್ನೆಗಾಗಿಯೇ ಸಿದ್ದಗಂಗಯ್ಯ ಇಷ್ಟು ವರ್ಷ ಕಾದಿದ್ದ. ಉತ್ತರ ನಾಲಿಗೆಯ ಮೇಲೇ ಇತ್ತು. ಆದರೆ ಊರ ಹೆಸರು ಹೇಳಿದರೆ ಕೂಗು ಕೇಳಿಸದ ಕಾರಣವೂ ಮುದುಕನಿಗೆ ತಿಳಿಯುತ್ತಿತ್ತು. ದಾವೆ ಮತ್ತೆ ಎದ್ದು ನಿಲ್ಲುತ್ತಿತ್ತು.

"ಇದೇ ಊರು" ಎಂದ.

ಜಯರಾಮಯ್ಯ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದ. ತಾನು ಪರ್ವತಯ್ಯನ ಮಗನೆಂದು ಸಿದ್ದಗಂಗಯ್ಯ ಅವನಿಗೆ ಎಂದೂ ಹೇಳಲಿಲ್ಲ.