ಸದ್ದಿಲ್ಲದ ಪೆಟ್ಟಿಗೆ

ವಿಮಾನ ಅಂತ ಅವನಿಗೆ ಹೆಸರಿಟ್ಟದ್ದು ಅಣ್ಣ. ಭಾನುವಾರ ಬಂತೆಂದರೆ ಬಯಲಿಗೆ ಹೋಗಿ ಆಟದ ವಿಮಾನ ಹಾರಿಸುವ, ಮದುವೆಯ ಮಾತೆತ್ತಿದರೆ ಜಾಗ ಖಾಲಿ ಮಾಡುವ ತಮ್ಮನಿಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು? ಕೆಲಸ ಗುಜರಿ ಅಂಗಳದಲ್ಲಿ. ಬಾಗಿಲು ಹಾಕಿದ ಕಚೇರಿಗಳಿಂದ ಲಾರಿಗಟ್ಟಲೆ ಬರುವ ದೊಡ್ಡ ಕಂಪ್ಯೂಟರುಗಳನ್ನು, ಅಂದರೆ ಸರ್ವರ್‌ಗಳನ್ನು ಬಿಚ್ಚಿ ತಾಮ್ರ ಒಂದು ಕಡೆ, ತಗಡು ಒಂದು ಕಡೆ ರಾಶಿ ಹಾಕುವುದು. ಅವುಗಳ ಹೊಟ್ಟೆಯೊಳಗಿನ, ಕರೆಂಟು ಹದಮಾಡಿ ಕೊಡುವ ಪವರ್ ಸಪ್ಲೈಯನ್ನು ಮಾತ್ರ ಅವನು ತೂಕಕ್ಕೆ ಹಾಕುತ್ತಿರಲಿಲ್ಲ. ಇಟ್ಟಿಗೆಗಿಂತ ಕೊಂಚ ಉದ್ದನೆಯ ಆ ಪೆಟ್ಟಿಗೆ ಸುಮ್ಮನೆ ಪ್ಲಗ್ಗಿಗೆ ಚುಚ್ಚಿದರೆ ಏಳುವುದಿಲ್ಲ. ಹಿಂಬದಿಯ ಲೋಹದ ಹಲ್ಲುಗಳಲ್ಲಿ ಯಾವ ಎರಡನ್ನು ತಂತಿಯಿಂದ ಕೂಡಿಸಬೇಕು ಎಂಬುದು ಗೊತ್ತಿರಬೇಕು. ಅದು ಇವನಿಗೆ ಗೊತ್ತಿತ್ತು. ವಿಮಾನ ಹಾರಿಸುವ ಗೆಳೆಯರೆಲ್ಲ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತಿದ್ದುದು ಇವನು ತಿದ್ದಿಕೊಟ್ಟ ಪೆಟ್ಟಿಗೆಗಳಿಂದಲೇ.

ಅಣ್ಣನದು ಬೇರೆ ಹಣೆಬರಹ. ಕಲ್ಲು ಕೊಯ್ಯುವ ಕಾರ್ಖಾನೆಯ ದೂಳು ಕುಡಿದು ಕುಡಿದು ಶ್ವಾಸಕೋಶ ಕಲ್ಲಾಗಿತ್ತು. ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ, ಮೂಗಿಗೆ ನಳಿಕೆ. ಯಂತ್ರ ನಡೆದರೆ ಅಣ್ಣ, ನಿಂತರೆ ಇಲ್ಲ. ಇಂಥ ಮನೆಗೆ ದಿನಾ ಸಂಜೆ ಕರೆಂಟು ಕೈಕೊಡುತ್ತಿತ್ತು. ಆಗ ಬಾಡಿಗೆ ಸಿಲಿಂಡರಿನ ತಿರುಪನ್ನು ತಿರುಗಿಸುತ್ತ ಅತ್ತಿಗೆ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದಳು.

ಅತ್ತಿಗೆ ಎಂದರೆ ಅವನಿಗೆ ಬರೀ ಅತ್ತಿಗೆಯಲ್ಲ. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ತಲೆಗೆ ಎಣ್ಣೆ ಹಚ್ಚಿ, ಬೈದು, ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಅವಳಿಗೋಸ್ಕರವೇ ಅವನು ಕರೆಂಟು ಹೋದಾಗ ಅಣ್ಣನ ಯಂತ್ರ ನಡೆಸುವ ಏರ್ಪಾಡಿಗೆ ಕೈಹಾಕಿದ. ಜಜ್ಜಿಹೋದ ಎಲೆಕ್ಟ್ರಿಕ್ ಸ್ಕೂಟರೊಂದರ ಬ್ಯಾಟರಿ, ಹಳೆಯ ಇನ್ವರ್ಟರ್, ಬ್ಯಾಟರಿಯನ್ನು ಚಾರ್ಜ್ ಮಾಡಲು ತಾನು ವಿಮಾನಕ್ಕೆ ಬಳಸುವ ಚಾರ್ಜರ್, ಚಾರ್ಜರಿಗೆ ಶಕ್ತಿ ಕೊಡಲು ಸರ್ವರಿನ ಪೆಟ್ಟಿಗೆ. ಮಧ್ಯಾಹ್ನವೆಲ್ಲ ಚಾರ್ಜ್ ಆದರೆ ಸಂಜೆಯ ಕತ್ತಲೆ ದಾಟಲು ಧಾರಾಳ ಸಾಕು.

"ಇನ್ನು ಆ ಸಿಲಿಂಡರ್ ವಾಪಸ್ ಕಳ್ಸಿ ಅತ್ತಿಗೆ. ನಾನಿದೀನಲ್ಲ," ಅಂದ, ಎದೆ ತಟ್ಟಿಕೊಂಡು. ಜಂಬ ಬರುವುದು ಹೀಗೆಯೇ, ಒಳ್ಳೆಯ ಕೆಲಸದ ಬೆನ್ನಿಗೇ. ಸಿಲಿಂಡರ್ ಹೋಯಿತು.

ಒಂದೇ ಒಂದು ತೊಂದರೆ, ಸದ್ದು. ಯಂತ್ರಗಳಷ್ಟೇ ವಾಸಿಸುವ ಕೋಣೆಗೆಂದು ಮಾಡಿದ ಪೆಟ್ಟಿಗೆ ಅದು. ಅದರ ಹೆಬ್ಬೆರಳಿನಷ್ಟಿದ್ದ ಫ್ಯಾನು ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು.

"ಏನೋ ವಿಮಾನ," ಅಣ್ಣ ಉಸಿರು ಎಳೆದೆಳೆದು ಹೇಳಿದ, "ನಿಂದು ಹಾರೋದಾದ್ರೆ... ಬೇಗ ಹಾರಿಸಿಬಿಡೋ... ನೆಲದ ಮೇಲೇ ಓಡ್ತಾ ಇದೆ ಮಧ್ಯಾಹ್ನದಿಂದ."

"ಸದ್ದು ಇದ್ರೆ ಕೆಲಸ ನಡೀತಿದೆ ಅಂತ ಅರ್ಥ," ಅಂತ ಅವನು ಅತ್ತಿಗೆಗೆ ಹೇಳಿಕೊಟ್ಟ. ದೀಪದ ಬಣ್ಣ, ಚಾರ್ಜರಿನ ಪರದೆಯ ಅಂಕಿ ಇವೆಲ್ಲ ಅವಳಿಗೆ ಯಾಕೆ ಎಂದುಕೊಂಡ.

ಅಣ್ಣ ತಮಾಷೆ ಮಾಡಿ ಸುಮ್ಮನಾದ. ಅತ್ತಿಗೆಗೆ ಆಗಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡಿ ಬರುವವಳು, ರಾತ್ರಿಯೆಲ್ಲ ಗಂಡನ ಕೆಮ್ಮಿಗೆ ಎದ್ದು ಕೂರುವವಳು. ಕಣ್ಣು ಮುಚ್ಚಲು ಅವಳಿಗಿದ್ದದ್ದು ಮಧ್ಯಾಹ್ನವೊಂದೇ. ಒಂದು ದಿನ ಅವನ ಕೈ ಹಿಡಿದುಕೊಂಡಳು.

"ನಂಗೆ ತಲೆ ಚಿಟ್ಟು ಹಿಡೀತಿದೆ ಕಣೋ. ಒಂದು ಗಳಿಗೆ ನಿದ್ದೆ ಕೊಡ್ಸು. ಏನಾದ್ರೂ ಮಾಡಿ ಅದರ ಬಾಯಿ ಮುಚ್ಚಿಸು."

ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಇಲ್ಲವೆನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ಫ್ಯಾನಿನ ವೇಗ ಇಳಿಸುವುದು ಸುಲಭ. ಆದರೆ ಪೆಟ್ಟಿಗೆ ಹುಷಾರಿನದು. ಫ್ಯಾನು ನಿಧಾನವಾದರೆ ಗೊತ್ತುಮಾಡಿಕೊಂಡು ತಾನೇ ನಿಂತುಬಿಡುತ್ತದೆ. ಅದಕ್ಕೂ ಗೆಳೆಯರ ಬಳಗದಲ್ಲಿ ಉಪಾಯವಿತ್ತು. ಫ್ಯಾನು ಜೋರಾಗಿಯೇ ತಿರುಗುತ್ತಿದೆ ಎಂದು ಸುಳ್ಳು ಸುದ್ದಿ ಕಳಿಸುವ ಚಿಕ್ಕದೊಂದು ಸರ್ಕ್ಯೂಟು. ಅದನ್ನು ಬೆಸೆದು ಫ್ಯಾನಿನ ವೇಗ ಇಳಿಸಿದ. ಗುಜರಿ ಅಂಗಳದ ಬೆಂಚಿನ ಮೇಲೆ, ಬೆಳಗಿನ ಗಾಳಿಯಲ್ಲಿ, ಬಹಳ ಹೊತ್ತು ಓಡಿಸಿ ನೋಡಿದ. ಬೆಚ್ಚಗಾಯಿತು, ಅಷ್ಟೇ. ತಂದು ಮಂಚದ ಬದಿಯಲ್ಲಿ ಇಟ್ಟ.

ನಾಲ್ಕಾರು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಅತ್ತಿಗೆಯ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. "ನೀನು ಚೆನ್ನಾಗಿರಪ್ಪ," ಅಂದಳು. ಆ ಮಾತು ಅವನಿಗೆ ಎಷ್ಟು ಖುಷಿ ಕೊಟ್ಟಿತೆಂದರೆ ಕೆಲಸದಲ್ಲೂ ಅದನ್ನೇ ನೆನೆದು ನಗುತ್ತಿದ್ದ.

ಆಮೇಲೆ ಬಿಸಿಲು ಏರಿತು. ಕಿಟಕಿ ಮುಚ್ಚಿ, ಪರದೆ ಎಳೆದುಕೊಂಡು ಅತ್ತಿಗೆ ಮಲಗಿದ ಒಂದು ಮಧ್ಯಾಹ್ನ, ಕಾವು ತಡೆಯಲಾರದೆ ಪೆಟ್ಟಿಗೆ ನಿಂತಿತು. ಹಿಂದಿನ ಸಂಜೆಯೇ ಖಾಲಿಯಾಗಿದ್ದ ಬ್ಯಾಟರಿಗೆ ಹನಿ ಶಕ್ತಿಯೂ ಹೋಗಲಿಲ್ಲ. ಯಾರಿಗೂ ತಿಳಿಯಲಿಲ್ಲ. ಪೆಟ್ಟಿಗೆ ಮೊದಲೂ ನಿಶ್ಶಬ್ದವಾಗಿತ್ತು, ಆಮೇಲೂ ನಿಶ್ಶಬ್ದವಾಗಿತ್ತು.

ಸಂಜೆ ಕರೆಂಟು ಹೋಯಿತು. ಇನ್ವರ್ಟರ್ ಒಮ್ಮೆ ಕುಯ್ಯೆಂದು ಸತ್ತಿತು. ಅತ್ತಿಗೆ ಫೋನು ಮಾಡಿದಾಗ ಅವನು ಗುಜರಿಯಲ್ಲಿ ಕೈ ತೊಳೆಯುತ್ತಿದ್ದ. ಹಾಗೆಯೇ ಓಡಿದ. ಬಾಗಿಲಿಗೆ ಬಂದಾಗ ಪಕ್ಕದ ಮನೆಯವರು ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಲು ಹೊರಟಿದ್ದರು. ಎತ್ತುವ ಅಗತ್ಯ ಮುಗಿದಿತ್ತು. ಅಣ್ಣನ ತುಟಿ ನೀಲಿಗಟ್ಟಿತ್ತು. ಎರಡೂ ಕೈ ಅತ್ತಿಗೆಯ ಸೀರೆಯ ಸೆರಗನ್ನು ಹಿಡಿದುಕೊಂಡಿದ್ದವು. ಬೆರಳುಗಳನ್ನು ಒಂದೊಂದಾಗಿ ಅವನೇ ಬಿಡಿಸಿದ.

ಕಾರ್ಯಗಳೆಲ್ಲ ಮುಗಿದು ಬಂದವರು ಚದುರಿದ ಮೇಲೆ ಅವನು ಪೆಟ್ಟಿಗೆ ಬಿಚ್ಚಿದ. ಬಿಚ್ಚುವುದೇ ಬೇಕಿರಲಿಲ್ಲ. ಸುಟ್ಟ ಅಂಟಿನ ವಾಸನೆ, ಕಂದುಗಟ್ಟಿದ ತಂತಿ ಎಲ್ಲವನ್ನೂ ಹೇಳುತ್ತಿದ್ದವು. ಅಣ್ಣನನ್ನು ಕೊಂದದ್ದು ತನ್ನ ಕೈ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ತಲೆ ಎತ್ತಿದರೆ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಅಣ್ಣ ಸತ್ತಾಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಸರಿಯಾಗಿ ಒಂದು ತುತ್ತು ತಿಂದಿರಲಿಲ್ಲ.

"ಯಾಕೆ ನಿಂತೋಯ್ತು ಅದು?"

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ.

"ಕೇಳ್ತಿರೋದು ನಿನ್ನನ್ನೇ. ಸದ್ದು ಕಡಿಮೆ ಮಾಡಿದ್ದಕ್ಕಾ? ನಾನು ಮಲಗ್ಬೇಕು ಅಂದೆ. ಅದಕ್ಕಾ?"

ಹೌದು ಎನ್ನುವುದು ಒಂದೇ ಮಾತು. ನಿಜವೂ ಅದೇ. ಇಬ್ಬರೂ ಹಂಚಿಕೊಂಡರೆ ಅವನ ಪಾಲಿನ ಹೊರೆ ಅರ್ಧವಾಗುತ್ತಿತ್ತೇನೋ. ಆದರೆ ಈ ಹೆಂಗಸು ಇನ್ನು ಯಾವ ಮಧ್ಯಾಹ್ನ ಕಣ್ಣು ಮುಚ್ಚಿಯಾಳು?

"ಛೇ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಅತ್ತಿಗೆ," ಅಂದ. "ಅವತ್ತು ಬೆಳಿಗ್ಗೆ ಚಾರ್ಜರಿನಿಂದ ಬ್ಯಾಟರಿ ತಂತಿ ಬಿಚ್ಚಿದ್ದೆ, ಒಂದು ವಿಮಾನಕ್ಕೆ ಚಾರ್ಜ್ ಹಾಕೋಣ ಅಂತ. ವಾಪಸ್ ಸಿಗಿಸೋದು ಮರೆತೆ."

"ಮರೆತೆ."

"ಹೂಂ."

"ಆಟದ ವಿಮಾನಕ್ಕೋಸ್ಕರ."

"ಹೂಂ ಅತ್ತಿಗೆ."

ಬಿಗಿಹಿಡಿದಿದ್ದ ಅವಳ ಭುಜಗಳು ಸಡಿಲವಾದದ್ದನ್ನು ಅವನು ಕಂಡ. ಆಮೇಲೆ ಮುಖ ಕೆಂಪಾಯಿತು.

"ಹೊರಗೆ ಹೋಗು," ಅಂದಳು. "ನಿನ್ನನ್ನ ಸಾಕಿದ ಕೈ ಇದು ಅಂತ ನೆನೆಸಿಕೊಂಡ್ರೆ ಕತ್ತರಿಸ್ಕೋಬೇಕು ಅನ್ಸುತ್ತೆ. ನನ್ನ ಕಣ್ಣಿಗೆ ಬೀಳ್ಬೇಡ. ನಾನು ಸತ್ರೂ ಬರ್ಬೇಡ."

ಅವನು ಎದ್ದು ಅವಳನ್ನು ಬಳಸಿಕೊಂಡು ಹೊರಬಿದ್ದ. ಅಂಗಳ ದಾಟುವಷ್ಟರಲ್ಲಿ ಒಳಗಿಂದ ಅಳು ಕೇಳಿಸಿತು, ಎದೆ ಒಡೆದು ಬರುವಂಥ ಅಳು. ತಿರುಗಿ ಹೋಗಿ ಅವಳ ಕಾಲ ಬಳಿ ಕೂರಬೇಕು ಅನ್ನಿಸಿತು. ಅತ್ತು ಅತ್ತು ಸುಸ್ತಾದರೆ ಇವತ್ತಾದರೂ ಮಲಗುತ್ತಾಳೆ ಎಂದುಕೊಂಡು ಬೀದಿಗೆ ನಡೆದ.