ಹಿಮ್ಮಡಿಯಿಂದ ಒಂದು ಹನಿ

ಹೆಣ್ಣು ನೋಡಲು ಆನಗೋಡಿಗೆ ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟ ಸಹನಾ ಒಳಗೆ ಹೋಗಲಿಲ್ಲ. ಅಲ್ಲೇ ನಿಂತು, "ನನಗೆ ಸಕ್ಕರೆ ಕಾಯಿಲೆ ಐತ್ರಿ. ಸಣ್ಣಾಕಿ ಇದ್ದಾಗಿಂದ. ದಿನಾ ಬೆರಳು ಚುಚ್ಚಿ ರಕ್ತ ನೋಡ್ಕೋಬೇಕು, ಇನ್ಸುಲಿನ್ ತಗೋಬೇಕು. ಮೊದ್ಲೇ ಹೇಳೋದು ಚಲೋ ಅನ್ನಿಸ್ತು," ಎಂದಳು. ಅವಳ ಅಪ್ಪ ಬೋರಣ್ಣ ತಲೆ ತಗ್ಗಿಸಿದ. ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ ವರ ಯೋಗರಾಜನಿಗೆ ಆ ನೇರ ಮಾತೇ ಹಿಡಿಸಿಬಿಟ್ಟಿತು. ಅವನ ತಾಯಿ ಅಂಜಿನವ್ವನಿಗೆ ಹಿಡಿಸಲಿಲ್ಲ. ಆದರೂ ಮಗನ ಹಟಕ್ಕೆ ಮಣಿದು ಮದುವೆ ಮಾಡಿಸಿದಳು.

ಅಂಜಿನವ್ವನಿಗೆ ರಕ್ತವೆಂದರೆ ಆಗದು. ಈಳಿಗೆಮಣೆಗೆ ಬೆರಳು ತುಸು ತಾಗಿದರೂ ಕಣ್ಣು ಮುಚ್ಚಿಕೊಂಡು ಮಗನನ್ನು ಕೂಗುವವಳು. ಸೊಸೆ ಮುಂಜಾನೆ ರಕ್ತದ ಸಕ್ಕರೆ ನೋಡುವ ಪುಟ್ಟ ಮಿಷನ್ನು ತೆಗೆದು ಕೂತಳೆಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಸಹನಾ ಬಸುರಿಯಾದ ಮೇಲಂತೂ ಊಟಕ್ಕೆ ಮೊದಲು, ಊಟವಾದ ಮೇಲೆ, ಮಲಗುವ ಮುಂಚೆ, ಹೀಗೆ ಚುಚ್ಚಿಕೊಳ್ಳುವುದು ಹೆಚ್ಚಾಯಿತು.

"ಬಸುರಿ ಹೆಂಗಸು ಹಿಂಗ ದಿನಾ ರಕ್ತ ಕಳಕೊಂಡ್ರೆ ಕೂಸಿಗೆ ಏನು ಉಳೀತೈತೆ?" ಅಂಜಿನವ್ವ ಬಾಗಿಲಾಚೆಯಿಂದಲೇ ಗೊಣಗಿದಳು.

"ಸಾಸಿವೆ ಕಾಳಿನಷ್ಟೂ ಇಲ್ಲ ಅತ್ತೆ. ಕೂಸಿನ ಸಲುವಾಗೇ ನೋಡ್ಕೋತಿರೋದು. ಬರ್ರಿ, ನೋಡ್ರಿ."

ಅವಳು ಬರಲಿಲ್ಲ.

ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಯೋಗರಾಜ ಕೆಲಸಕ್ಕೆ ಹೋಗಿದ್ದಾಗ, ಬಟ್ಟೆ ಮಡಚುತ್ತಿದ್ದ ಸಹನಾ ಬೆವರಿ ತೊಯ್ದು ಗೋಡೆಗೆ ಒರಗಿದಳು. ಏನು ಕೇಳಿದರೂ ತೊದಲು ಉತ್ತರ. ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿ ಹೀಗಾದರೆ ಮೊದಲು ಸಕ್ಕರೆ ನೀರು ಕುಡಿಸಬೇಕೆಂದು ಅವಳು ಹಿಂದೆಯೇ ಹೇಳಿಟ್ಟಿದ್ದಳು. ಅಂಜಿನವ್ವ ಓಡಿಹೋಗಿ ಕಲಸಿ ತಂದು ಗುಟುಕು ಗುಟುಕಾಗಿ ಕುಡಿಸಿದಳು. ಸಹನಾ ಮಿಷನ್ನಿನ ಕಡೆ ಕೈ ಚಾಚಿದಳು. ನಡುಗುವ ಕೈಗೆ ಸೂಜಿ ಒತ್ತಲು ಆಗಲಿಲ್ಲ.

"ಕೊಡು ಇಲ್ಲಿ," ಎಂದು ಅಂಜಿನವ್ವ ಅವಳ ಬೆರಳು ಹಿಡಿದು ತಾನೇ ಒತ್ತಿದಳು. ಕೆಂಪು ಹನಿ ಮೂಡಿತು. ಮಿಷನ್ನಿಗೆ ಸಿಕ್ಕಿಸಿದ ಪಟ್ಟಿ ಅದನ್ನು ಹೀರಿಕೊಂಡಿತು. ಅಂಕಿ ತೀರ ಕಡಿಮೆ ಇತ್ತು. ತುಸು ಹೊತ್ತು ಬಿಟ್ಟು ಮತ್ತೆ ಚುಚ್ಚಿ ನೋಡಿದಾಗ ಅದು ಏರಿತ್ತು, ಸೊಸೆಯ ಕಣ್ಣಿಗೂ ಕಳೆ ಬಂದಿತ್ತು.

ಅಂದಿನಿಂದ ಅಂಜಿನವ್ವ ಪಕ್ಕದಲ್ಲೇ ಕೂರತೊಡಗಿದಳು. ಸೊಸೆಯ ಬೆರಳಂಚುಗಳು ಚುಚ್ಚಿ ಚುಚ್ಚಿ ಒರಟಾಗಿದ್ದುದನ್ನು ಆಗಲೇ ಅವಳು ಕಂಡದ್ದು. ಅಂಕಿ ಹೆಚ್ಚು ಬಂದರೆ ಆ ಹುಡುಗಿ ಅಳುತ್ತಿರಲಿಲ್ಲ. ಡಾಕ್ಟರು ಹೇಳಿಕೊಟ್ಟಂತೆ ಇನ್ಸುಲಿನ್ ತೆಗೆದುಕೊಂಡು, ಪಡಸಾಲೆಯಲ್ಲಿ ಅಡ್ಡಾಡಿ, ಮತ್ತೆ ಬೆರಳು ಒಡ್ಡುತ್ತಿದ್ದಳು. ಯುಗಾದಿಯಂದು ಎಲ್ಲರಿಗೂ ಹೋಳಿಗೆ ಬಡಿಸಿ ತಾನು ಒಂದು ಚೂರು ಮುರಿದುಕೊಂಡು ನಗುತ್ತಾ ತಿಂದಳು.

ದಾವಣಗೆರೆಯ ಕೆ.ಬಿ. ಬಡಾವಣೆಯ ನರ್ಸಿಂಗ್ ಹೋಮಿನಲ್ಲಿ ಹೆಣ್ಣು ಮಗು ಹುಟ್ಟಿತು. ಸಿಸ್ಟರ್ ತಸ್ಲೀಮ್ ಸೂಜಿ ಹಿಡಿದು ಬಂದಳು.

"ತಾಯಿಗೆ ಶುಗರ್ ಇದ್ರೆ ಹುಟ್ಟಿದ ಕೂಸಿಗೆ ಶುಗರ್ ಕಡಿಮೆ ಆಗೋದುಂಟು. ಹಿಮ್ಮಡಿಯಿಂದ ಒಂದು ಹನಿ ತಗೋತೀನಿ."

ತನ್ನ ಬೆರಳು ಚುಚ್ಚಿಕೊಳ್ಳುವಾಗ ಎಂದೂ ಅಳದಿದ್ದ ಸಹನಾ ಮುಖ ತಿರುಗಿಸಿ ಬಿಕ್ಕಿದಳು. "ನನ್ನಿಂದ್ಲೇ ಅತ್ತೆ, ಅದಕ್ಕೂ ಚುಚ್ಚೋದು."

ಅಂಜಿನವ್ವ ಹೆಬ್ಬೆರಳ ಗಾತ್ರದ ಆ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹನಿ ಮೂಡುವುದನ್ನು ನೋಡಿದಳು. ಮಗು ಕೋಣೆಯೆಲ್ಲ ತುಂಬುವಂತೆ ಕಿರುಚಿತು.

"ಕೇಳವ್ವ, ಹೆಂಗೆ ಕಿರುಚ್ತಾಳೆ! ನೀನು ಅಷ್ಟು ದಿನ ಬೆರಳು ಒಡ್ಡಿದ್ದಕ್ಕೇ ಇಷ್ಟು ದನಿ ಐತೆ ಇವಳಿಗೆ."

ಅಂಕಿ ಸ್ವಲ್ಪ ಕಡಿಮೆ ಬಂತು. ತಸ್ಲೀಮ್ ಮಗುವನ್ನು ತಾಯಿಯ ಎದೆಗೆ ಕೊಟ್ಟಳು. ಹಾಲು ಕುಡಿದ ಮೇಲೆ ಮತ್ತೆ ನೋಡಿದರೆ ಸರಿಯಿತ್ತು, ಮರುದಿನವೂ ಸರಿಯಿತ್ತು. "ಇನ್ನು ಚುಚ್ಚೋದು ಬ್ಯಾಡ," ಎಂದು ತಸ್ಲೀಮ್ ನಕ್ಕಳು.

ಸಹನಾ ನಿದ್ದೆಹೋದಾಗ ಅಂಜಿನವ್ವ ಮಗನಿಗೆ, "ಇಂಥ ಗಟ್ಟಿ ಹೆಂಗಸನ್ನ ನಾನು ನೋಡಿಲ್ಲಪ್ಪ," ಎಂದಳು.

"ಅದನ್ನ ಅವಳಿಗೇ ಹೇಳವ್ವ."

ಸೊಸೆ ಕಣ್ಣು ತೆರೆಯುವವರೆಗೂ ಅವಳು ಮಂಚದ ಬಳಿಯೇ ಕೂತಿದ್ದು, ಹೇಳಿಯೇಬಿಟ್ಟಳು. ಸಹನಾ ಅತ್ತೆಯ ಕೈ ಹಿಡಿದುಕೊಂಡು, "ಹಸಿವಾಗೈತೆ ಅತ್ತೆ," ಎಂದಳು.